ಅಡ್ಡ ಎಳೆಯ ಬೆಂಚು

ತಾನು ನಕ್ಕದ್ದನ್ನು ಯಾರೂ ನೋಡಿರಲಾರರು ಎಂದು ಪಾಲಮ್ಮ ಹಾಸಿಗೆಯಲ್ಲೇ ಇನ್ನೊಂದು ಸಲ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಕೂಡಲೇ ಯಾರೋ ನೋಡಿದ್ದಾರೆ ಅನ್ನಿಸಿತು. ನಕ್ಕದ್ದು ಹಲ್ಲು ಬಿಟ್ಟು ಅಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು, ಅದೂ ಎರಡೇ ಉಸಿರು. ಆದರೆ ಹೆಗಲು ಕುಣಿದಿತ್ತು. ಹೆಗಲಿನ ಬಾಯಿ ಮುಚ್ಚಿಸಲು ಸೆರಗು ಸಾಲುವುದಿಲ್ಲ. ಎದ್ದು, ಕಿಟಕಿಯ ಬೆಳಕಿಗೆ ದಿನಚರಿ ಹಿಡಿದು, ಹನ್ನೆರಡು ದಿನದ ಹಿಂದಿನ ಪುಟ ತೆಗೆದಳು. 'ಬಾಲಿಕಾ ಪಾಠಶಾಲೆಯ ಬಹುಮಾನದ ಸಭೆ ಸುಸೂತ್ರವಾಗಿ ನಡೆಯಿತು. ಅಧ್ಯಕ್ಷರು ಭಾಷಣದ ನಡುವೆ ಕೆಳಗೆ ಕೂತರು. ನನಗೆ ಕೆಮ್ಮು ಬಂತು.' ಮೂರು ವಾಕ್ಯ. ಬೀಗವಿಲ್ಲದ ಪುಸ್ತಕ ಅದು. ಮನೆಯಲ್ಲಿರುವ ಇನ್ನೊಂದು ಜೀವ ಓಬಕ್ಕನಿಗೆ ಓದು ಬಾರದು, ಹಾಗಾಗಿ ಬೀಗಕ್ಕಿಂತ ಭದ್ರ. ಯಾರೂ ಓದದ ಪುಸ್ತಕದಲ್ಲಿ ಯಾರಿಗೆ ಹೆದರಿ ಕೆಮ್ಮು ಎಂದು ಬರೆದೆ? ಲೇಖನಿ ತೆಗೆದು 'ಕೆಮ್ಮು' ಹೊಡೆದುಹಾಕಿದಳು. ಅದರ ಮೇಲೆ 'ನಗು' ಎಂದು ಬರೆಯಲು ಕೈ ಬರಲಿಲ್ಲ. ಈಗ ಆ ವಾಕ್ಯ 'ನನಗೆ ಬಂತು' ಎಂದಷ್ಟೇ ಉಳಿದು, ಏನು ಬಂತೋ ಎಂದು ನೋಡಿದವರು ಗಾಬರಿಯಾಗುವ ಹಾಗೆ ಕಾಣಿಸಿತು.

ಸಭೆಯಲ್ಲಿ ಅಧ್ಯಕ್ಷರು ಕೂತಿದ್ದ ಬೆಂಚು ಒಮ್ಮೆಗೇ ಮುರಿದಿದ್ದರೆ ಅವಳು ನಗುತ್ತಿರಲಿಲ್ಲ. ಅದು ಯೋಚನೆ ಮಾಡಿ ಮುರಿಯಿತು. ನಡುವೆ ಕೂತಿದ್ದವರು ಜಂಬುಲಿಂಗಪ್ಪನವರು, ಚಳ್ಳಕೆರೆಯ ಎಣ್ಣೆಗಾಣದ ಸಾಹುಕಾರರು, ಶಾಲೆಯ ಕಮಿಟಿಗೆ ಅಧ್ಯಕ್ಷರು, ನಿಂತರೆ ಬಾಗಿಲಿನ ಬೆಳಕು ಕಡಿಮೆಯಾಗುವಂಥ ಮೈಯವರು. ಎಡಕ್ಕೆ ಜವಳಿ ಅಂಗಡಿಯ ಚಿಕ್ಕೀರಪ್ಪನವರು, ಬಲಕ್ಕೆ ಅಮಲ್ದಾರರು ತಮ್ಮ ಬದಲಿಗೆ ಕಳಿಸಿದ್ದ ಒಬ್ಬ ಗುಮಾಸ್ತರು, ಇಬ್ಬರೂ ಒಣಕಲು. ಅಧ್ಯಕ್ಷರು ಕೂತೇ ಭಾಷಣ ಶುರುಮಾಡಿದರು. ಹೆಣ್ಣುಮಕ್ಕಳ ವಿದ್ಯೆ ಎಂದಾಗ ಬೆಂಚು ಒಂದು ಬೆರಳು ಬಗ್ಗಿತು. ನಮ್ಮ ಸೀಮೆಯ ಕೀರ್ತಿ ಎಂದಾಗ ಇನ್ನೊಂದು ಬೆರಳು. ಅತ್ತಿತ್ತ ಕೂತ ಒಣಕಲರಿಬ್ಬರೂ ಇಳಿಜಾರಿನಲ್ಲಿ ಜಾರಿ ಜಾರಿ ಅಧ್ಯಕ್ಷರ ತೋಳಿಗೆ ಒರಗಿದರು. ನೋಡುವವರಿಗೆ ಮೂವರೂ ಬಾಲ್ಯದ ಗೆಳೆಯರ ಹಾಗೆ ಕಂಡರು. ಚಿಕ್ಕೀರಪ್ಪನವರು ಒಂದು ಕೈಯಲ್ಲಿ ಬೆಂಚಿನ ಅಂಚು ಹಿಡಿದು ಮೇಲಕ್ಕೆ ಹತ್ತಲು ನೋಡುತ್ತಿದ್ದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಆ ಸದ್ದಿಗೋ ಏನೋ, ಹಪ್ಪಳ ಮುರಿದ ಹಾಗೆ ಲಟ್ ಎಂದು ಒಂದು ಶಬ್ದ. ಅಧ್ಯಕ್ಷರು ಬೆಂಚಿನ ಒಳಕ್ಕೆ ಕೂತರು, ಮಂಡಿ ಕಿವಿಗೆ ಬಂತು, ರುಮಾಲು ಹಣೆಗೆ ಇಳಿಯಿತು. ಬೆಂಚಿನ ಒಳಗಿನಿಂದಲೇ ಅವರು ಗಂಭೀರವಾಗಿ, "ಆದ್ದರಿಂದ," ಎಂದರು. ಆಗ ಪಾಲಮ್ಮನಿಗೆ ಬಂತು.

"ಏನವ್ವ ಮೇಷ್ಟ್ರಮ್ಮ, ಬೆಳಬೆಳಗ್ಗೇನೆ ಬರೀತಾ ಕುಂತ್ಯಾ? ಮೊಕ ತೊಳೆಯಾಕಿಲ್ವಾ?" ಎಂದು ಓಬಕ್ಕ ಒಲೆಯ ಹತ್ತಿರದಿಂದ ಕೂಗಿದಳು. ಬಾಡಿಗೆ ಮನೆಯ ಒಡತಿಯೂ ಅವಳೇ, ಅಡುಗೆಯವಳೂ ಅವಳೇ, ಊರಿನ ಸುದ್ದಿಯೂ ಅವಳೇ. "ಇವತ್ತು ಕಮಿಟಿ ಐತಂತಲ್ಲ. ಗಾದ್ರಪ್ಪನ್ನ ಕರೆಸ್ತಾರಂತೆ. ಬಡಗೀನ ಬಗ್ಗಿಸಿ ಬೆಂಚು ಮಾಡ್ತಾರೆ ಬಿಡು."

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಬಾವಿತಾವ ಎಲ್ಲಾ ಅದೇ ಮಾತು. ಅದಿರ್ಲಿ, ಕರಿ ಕೋಳಿ ಎಂಟು ದಿನದಿಂದ ಮೊಟ್ಟೆ ಇಕ್ಕಿಲ್ಲ. ಯಾಕಂತ ನಿನ್ ಪುಸ್ತಕದಾಗೆ ಐತಾ?"

ಕೋಳಿಯ ಬಗ್ಗೆ ಪಾಲಮ್ಮನಿಗೆ ಏನೂ ಗೊತ್ತಿರಲಿಲ್ಲ. "ಮೈಯಲ್ಲಿ ಸುಣ್ಣ ಕಡಿಮೆಯಾಗಿರಬೇಕು," ಎಂದಳು.

"ನೋಡಪ್ಪ!" ಎಂದು ಓಬಕ್ಕ ಒಲೆಗೇ ಹೇಳಿದಳು. "ಓದಿದೋರು ಅಂದ್ರೆ ಹಿಂಗಿರ್ಬೇಕು."

ಹೀಗೇ ಆಗುತ್ತಿತ್ತು. ಮೈಸೂರಿನಿಂದ ಬಿ.ಎ. ಮಾಡಿಕೊಂಡು ಬಂದ ಹೆಂಗಸು ಈ ಸೀಮೆಯಲ್ಲಿ ಒಬ್ಬಳೇ. ಎರಡು ತಲೆಯ ಕರುವನ್ನು ನೋಡುವ ಹಾಗೆ ಮೊದಲ ತಿಂಗಳು ಜನ ಬಂದು ನೋಡಿದರು, ಎರಡನೆಯ ತಿಂಗಳಿನಿಂದ ಬಂದು ಕೇಳತೊಡಗಿದರು. ಗ್ರಹಣ ಎಷ್ಟು ಹೊತ್ತಿಗೆ ಬಿಡುತ್ತದೆ, ಕೋರ್ಟಿನ ಕಾಗದದಲ್ಲಿ ಏನಿದೆ, ಕುರಿಗೆ ಕೆಮ್ಮಾದರೆ ಏನು ಕೊಡಬೇಕು, ಬಿಳಿಯರು ಕೈ ಯಾಕೆ ಕುಲುಕುತ್ತಾರೆ. ಮೊದಲು ಕೇಳಿದವನು ಒಬ್ಬ ಕುರಿಗಾರ ಮುದುಕ, ದೇವಸಮುದ್ರದ ಕಡೆಯವನು, ಹತ್ತು ಹರದಾರಿ ನಡೆದು ಬಂದಿದ್ದ. ಅವನ ಧೂಳಿನ ಕಾಲು ನೋಡಿ 'ಗೊತ್ತಿಲ್ಲಪ್ಪ' ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಅಥವಾ ನಾಚಿಕೆಯಾಯಿತು. ಯಾವುದು ಎಂದು ದಿನಚರಿಯಲ್ಲೂ ತೀರ್ಮಾನವಾಗಿಲ್ಲ. ಬೆಲ್ಲ ಮತ್ತು ಶುಂಠಿ ಎಂದಳು. ಆ ಕುರಿ ಬದುಕಿತು. ಅಲ್ಲಿಗೆ ಅವಳ ಗತಿ ಮುಗಿಯಿತು. ಅಂದಿನಿಂದ ಗೊತ್ತಿಲ್ಲ ಎಂಬ ಮಾತು ಅವಳ ಬಾಯಿಂದ ಒಮ್ಮೆಯೂ ಹೊರಬಿದ್ದಿಲ್ಲ. ಮೆಲ್ಲಗೆ ಹೇಳುತ್ತಾಳೆ, ತಲೆ ಬಗ್ಗಿಸಿ ಹೇಳುತ್ತಾಳೆ, ಅರ್ಧ ಕೇಳದ ಹಾಗೆ ಹೇಳುತ್ತಾಳೆ. ಆದರೆ ಏನಾದರೂ ಒಂದು ಹೇಳುತ್ತಾಳೆ. ಅಷ್ಟು ಸಂಕೋಚದ ಹುಡುಗಿ ಸುಳ್ಳು ಹೇಳಬಹುದು ಎಂದು ಯಾರಿಗೂ ತೋಚುವುದಿಲ್ಲ.

ಬೆಂಚಿನದೂ ಅದೇ ಕಥೆ. ಶಾಲೆಯ ಹುಡುಗಿಯರು ನೆಲದ ಮೇಲೆ ಕೂರುತ್ತಾರೆ, ಹನ್ನೆರಡು ಬೆಂಚು ಬೇಕು, ಈ ಬಯಲು ಸೀಮೆಯಲ್ಲಿ ದಪ್ಪ ಹಲಗೆಗೆ ಮರ ಎಲ್ಲಿದೆ ಎಂದು ಕಮಿಟಿ ಕೇಳಿತು. ಎಲ್ಲರೂ ಅವಳ ಕಡೆ ನೋಡಿದರು. ನೋಡಿದರೆ ಏನಾದರೂ ಹೇಳಬೇಕಲ್ಲ. ತಾಲ್ಲೂಕು ಕಚೇರಿಯ ಮಗ್ಗುಲಲ್ಲಿದ್ದ ವಾಚನಾಲಯದಲ್ಲಿ ಹಿಂದಿನ ವಾರವಷ್ಟೇ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಅವಳು ಓದಿದ್ದಳು: ತೆಳ್ಳಗಿನ ಮೂರು ಹಲಗೆಗಳನ್ನು ಒಂದರ ಮೇಲೊಂದು, ಎಳೆಗೆ ಅಡ್ಡ ಎಳೆ ಬರುವಂತೆ ಅಂಟಿಸಿ ಒತ್ತಿದರೆ ದಪ್ಪ ಹಲಗೆಯನ್ನೂ ಮೀರಿಸುವ ಹೊಸ ಹಲಗೆಯಾಗುತ್ತದೆ, ಪಡುವಣ ದೇಶಗಳಲ್ಲಿ ಅದಕ್ಕೆ ಪ್ಲೈವುಡ್ ಅನ್ನುತ್ತಾರೆ. ಓದಿದ್ದಳು ಎಂದರೆ, ಅರ್ಧ. ಆ ಪತ್ರಿಕೆಯ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಇನ್ನೂ ಯಾರೂ ಅವನ್ನು ಕತ್ತರಿಸಿ ಬಿಡಿಸಿರಲಿಲ್ಲ. ಹಾಳೆ ಬಿಡಿಸುವ ಚೂರಿ ಗುಮಾಸ್ತನ ಮೇಜಿನ ಮೇಲಿತ್ತು. ಮೇಜಿನ ಸುತ್ತ ಏಳು ಜನ ಗಂಡಸರು ಕೂತು ಯುದ್ಧದ ಸುದ್ದಿ ಓದುತ್ತಿದ್ದರು. ಚೂರಿ ಕೊಡಿ ಎಂದು ಕೇಳಬೇಕಾದರೆ ಏಳು ತಲೆ ಮೇಲೇಳುತ್ತಿದ್ದವು. ಪಾಲಮ್ಮ ಕೂಡಿಕೊಂಡ ಹಾಳೆಗಳನ್ನು ಸ್ವಲ್ಪ ಅಗಲಿಸಿ, ಮಡಕೆಯಲ್ಲಿ ಬೆಲ್ಲ ಎಷ್ಟು ಉಳಿದಿದೆ ಎಂದು ಇಣುಕುವ ಹಾಗೆ ಒಂದು ಕಣ್ಣಿನಿಂದ ಒಳಗೆ ಇಣುಕಿ ಓದಿದಳು. 'ಎರಡೂ ದಿಕ್ಕಿನಲ್ಲಿ ಸಮಾನ ಬಲ' ಎಂಬಷ್ಟು ಕಂಡಿತು. ಉಳಿದದ್ದು ಮಡಿಕೆಯ ಕತ್ತಲೆಯಲ್ಲಿತ್ತು.

ಗಾದ್ರಪ್ಪನ ಕೊಟ್ಟಿಗೆಯಲ್ಲಿ ನಿಂತು ಅವಳು ಇದನ್ನೆಲ್ಲ ಒಪ್ಪಿಸಿದಾಗ ಆತ ಉಳಿ ಕೆಳಗಿಟ್ಟು ಶ್ರದ್ಧೆಯಿಂದ ಕೇಳಿದ್ದ. ಐವತ್ತು ದಾಟಿದ ಬಡಗಿ, ಅಪ್ಪ, ತಾತ ಎಲ್ಲ ಅದೇ ಕೆಲಸದವರು. "ಬಲೇ ಚಂದಾಗೈತೆ ಅಮ್ಮಾರೆ," ಎಂದಿದ್ದ. "ಅಡ್ಡ ಒಂದು ಪದರ ಇದ್ರೆ ಸೀಳಾಕಿಲ್ಲ. ಅಂಟಿಗೆ ಮರವಜ್ರ ಕಾಯಿಸ್ತೀನಿ, ಮೇಲೆ ಕಲ್ಲು ಹೇರಿ ಎರಡು ದಿನ ಬಿಡಾನ. ಮೇಲಿಂದು ಕೆಳಗಿಂದು ಎರಡೂ ಬೆಂಚಿನ ಉದ್ದಕ್ಕೆ ಹಾಕ್ತೀನಿ, ನಡುವಿಂದು ಅಡ್ಡ."

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಆತ ಕೊನೆಗೆ, "ಹಂಗೇ ಅಲ್ವಾ?" ಎಂದು ಬಿಟ್ಟ. ಕೇಳಿದರೆ ಉತ್ತರ ಹೇಳಬೇಕು. ಅವಳಿಗೆ ಹುಟ್ಟಿದಾಗಿನಿಂದ ಕೇಳಿದ ಮಾತೊಂದು ನಾಲಿಗೆಯ ತುದಿಗೆ ಬಂತು. ಅವಳು ಹುಟ್ಟಿದ ಮೊಳಕಾಲ್ಮುರಿನ ನೇಕಾರರ ಓಣಿಯಲ್ಲಿ ಮಕ್ಕಳು ನಡೆಯುವ ಮೊದಲು ಕಲಿಯುವ ಪಾಠ ಅದು: ಹಾಸು ಕೂತವನ ಹೊಟ್ಟೆಯ ಕಡೆಗೆ ಬರಬೇಕು, ಹೊಕ್ಕು ಅಡ್ಡ ಹೋಗಬೇಕು. ಉದ್ದ ಎಳೆಗಳು ದೂರದಿಂದ ನೆಟ್ಟಗೆ ನಿನ್ನ ಹತ್ತಿರ ಬಂದರೆ ಮಗ್ಗ. ಪಕ್ಕದಿಂದ ಪಕ್ಕಕ್ಕೆ ಹೋದರೆ ಅಪಶಕುನ, ಮಗ್ಗದ ಮುಂದೆ ಅಡ್ಡ ಕೂತವನ ಮನೆ ಉದ್ಧಾರವಾಗುವುದಿಲ್ಲ. ಬೆಂಚಿನಲ್ಲೂ ಮೇಲೆ ಕಾಣುವ ಎಳೆಯಲ್ಲವೇ ಹಾಸು? ಅದು ಕೂತವರ ಕಡೆಗೆ ಬರಬೇಡವೇ? "ಇಲ್ಲ," ಎಂದಳು ಪಾಲಮ್ಮ, ನೆಲ ನೋಡುತ್ತ. "ಮೇಲಿನದು, ಕೆಳಗಿನದು ಎರಡೂ ಕೂತವರ ಬೆನ್ನಿನಿಂದ ಹೊಟ್ಟೆಯ ಕಡೆಗೆ ಬರಲಿ. ನಡುವಿನದು ಒಂದು ಮಾತ್ರ ಉದ್ದಕ್ಕೆ."

"ಅಮ್ಮಾರೆ, ಮರ ಉದ್ದಕ್ಕೆ ಬದುಕ್ತೈತೆ."

"ಪುಸ್ತಕದಲ್ಲಿ ಎರಡೂ ದಿಕ್ಕಿಗೆ ಸಮ ಅಂತ ಇದೆ, ಗಾದ್ರಪ್ಪನೋರೆ."

ಪುಸ್ತಕ ಎಂದ ಮೇಲೆ ಗಾದ್ರಪ್ಪ ಏನೆಂದಾನು. ಸೀಮೆಎಣ್ಣೆ ಡಬ್ಬಗಳು ಬರುವ ಪೆಟ್ಟಿಗೆಗಳ ಗಿಡ್ಡ ಹಲಗೆಗಳನ್ನೇ ಕೊಯ್ದು ತೆಳ್ಳಗೆ ಮಾಡಿ, ಹೊರಗಿನ ಎರಡು ಪದರಕ್ಕೂ ಮಗ್ಗುಲಿಗೆ ಮಗ್ಗುಲು ಜೋಡಿಸಿದ. ತೋಪಡಾ ಹೊಡೆದು ನುಣ್ಣಗೆ ಮಾಡಿ, ಹನ್ನೆರಡರಲ್ಲಿ ಮಾದರಿಯ ಮೊದಲ ಬೆಂಚನ್ನು ಸಭೆಯ ಹೊತ್ತಿಗೆ ಮುಗಿಸಿದ. ನೋಡಲು ಮಗ್ಗಕ್ಕೆ ಏರಿಸಿದ ಹಾಸಿನ ಹಾಗೇ ಇತ್ತು, ಎಳೆಗಳು ಒಂದರ ಪಕ್ಕ ಒಂದು. ಪಾಲಮ್ಮನಿಗೆ ಅಂದು ಎಷ್ಟು ಹೆಮ್ಮೆಯಾಗಿತ್ತೆಂದರೆ ದಿನಚರಿಯಲ್ಲಿ ಎರಡು ಪುಟ ಬರೆದಿದ್ದಳು.

"ಪಡುಗು ಮೀದ ಎವರನ್ನಾ ಕೂಚುಂಟಾರಾ ತಲ್ಲೀ?" ಎಂದು ನಾಯನ, ಅಂದರೆ ಅವಳ ಅಪ್ಪ, ನಗುತ್ತಿದ್ದರು, ನಗುವಾಗ ಅವರ ಹೊಟ್ಟೆ ಮಗ್ಗದ ದಿಂಡಿಗೆ ಬಡಿಯುತ್ತಿತ್ತು. ಮನೆಯಲ್ಲಿ ತೆಲುಗೇ, ಹಾಸು ಎಂಬುದನ್ನು ಪಡುಗು ಅನ್ನುತ್ತಿದ್ದರು. ಹಾಸಿನ ಮೇಲೆ ಯಾರಾದರೂ ಕೂರುತ್ತಾರೇನಮ್ಮ, ಹಾಸು ಹೊಟ್ಟೆಯ ಮುಂದೆ ಇರುವುದು, ಕೂರುವುದು ಮಣೆಯ ಮೇಲೆ. ಬೆಂಚು ಮುರಿದ ಮೇಲೆ ಯುಗಾದಿಗೆಂದು ಗಾಡಿ ಕಟ್ಟಿಸಿಕೊಂಡು ಮೊಳಕಾಲ್ಮುರಿಗೆ ಹೋದವಳು ಬೇವುಬೆಲ್ಲ ಬಾಯಲ್ಲಿರುವಾಗಲೇ ಬೆಂಚಿನ ಕಥೆ ಹೇಳಿದ್ದಳು, ತನ್ನ ಕಥೆ ಎಂದು ಹೇಳದೆ, ಯಾರೋ ಒಬ್ಬರು ಹೀಗೆ ಮಾಡಿಸಿದರಂತೆ ಎಂದು. ನಾಯನ, ಅವರ ಹೆಸರು ಕಾಮಣ್ಣ, ಮಗ್ಗದಲ್ಲಿದ್ದ ಬಿಳಿ ರೇಷ್ಮೆಯ ಸೀರೆಯ ಮೇಲೆ ಬಗ್ಗಿ ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ನೇಯುವವರು ಕಾಲು ಇಳಿಬಿಡಲು ಮಗ್ಗದ ಕೆಳಗೆ ತೋಡಿದ ಗುಂಡಿಯಿಂದ ಕಾಲು ಮೇಲೆತ್ತಿ, ಪಕ್ಕಕ್ಕೆ ಸರಿದು, ತಾವು ಕೂರುವ ಮಣೆ ತೋರಿಸಿದರು. ಮೂವತ್ತು ವರ್ಷ ಅವರು ಕೂತು ಕೂತು ಎಣ್ಣೆ ಹಚ್ಚಿದಂತಾಗಿದ್ದ ಹಲಗೆ. ಗುಂಡಿಯ ಈ ದಡದಿಂದ ಆ ದಡಕ್ಕೆ ಹಾಸಿದ್ದ ಅದರ ಎಳೆಗಳು ಎಡದಿಂದ ಬಲಕ್ಕೆ ಹರಿದಿದ್ದವು, ಒಂದೂ ಹೊಟ್ಟೆಯ ಕಡೆಗೆ ಬಂದಿರಲಿಲ್ಲ. ಹುಟ್ಟಿದಾಗಿನಿಂದ ಆ ಮಗ್ಗದ ಪಕ್ಕದಲ್ಲೇ ಬೆಳೆದ ತಾನು ಒಂದು ದಿನವೂ ಮಣೆಯನ್ನು ನೋಡಿರಲಿಲ್ಲ, ಯಾಕೆಂದರೆ ಅದರ ಮೇಲೆ ಯಾವಾಗಲೂ ನಾಯನ ಕೂತಿರುತ್ತಿದ್ದರು.

"ಎವರಮ್ಮಾ ಆ ತೆಲಿವೈನವಾಡು?" ಯಾರಮ್ಮ ಆ ಬುದ್ಧಿವಂತ, ಎಂದು ಕೇಳಿದರು ನಾಯನ.

"ನಿಮಗೆ ಗೊತ್ತಿಲ್ಲದವರು," ಎಂದಿದ್ದಳು.

ಗಾಡಿಯಲ್ಲಿ ಹಿಂದಿರುಗುವಾಗ ದಾರಿಯುದ್ದಕ್ಕೂ ಬೋಳು ಬಯಲು, ಎರಡು ಕಡೆಯೂ ಒಣಹುಲ್ಲು. ಪ್ರತಿ ಉರುಟುಗಲ್ಲಿನ ಗುಡ್ಡವೂ ಅವಳಿಗೆ ಮಂಡಿ ಕಿವಿಗೆ ಬಂದು ಕೂತ ಜಂಬುಲಿಂಗಪ್ಪನವರ ಹಾಗೆ ಕಂಡಿತು. ಊರು ಮುಟ್ಟಿದ ಮರುದಿನ ವಾಚನಾಲಯಕ್ಕೆ ಹೋಗಿ, ಚೂರಿ ಕೇಳದೆ, ತಲೆಯ ಪಿನ್ನು ತೆಗೆದು ಆ ಹಾಳೆಯನ್ನು ಬಿಡಿಸಿದಳು. ಪಿನ್ನು ಅಡ್ಡಾದಿಡ್ಡಿ ಹರಿದು ಅಂಚು ಇಲಿ ತಿಂದಂತಾಯಿತು. 'ಎರಡೂ ದಿಕ್ಕಿನಲ್ಲಿ ಸಮಾನ ಬಲ' ಎಂಬುದರ ಮುಂದೆ 'ಪದರಗಳು ಬಹಳವಾಗಿದ್ದಾಗ ಮಾತ್ರ' ಎಂದಿತ್ತು. ಮೂರೇ ಪದರವಾದರೆ ಹೊರಗಿನ ಎರಡರ ಎಳೆ ಎತ್ತ ಹರಿದಿದೆಯೋ ಅತ್ತಲೇ ಬಲ, ಆದ್ದರಿಂದ ಅವನ್ನು ಆಧಾರದಿಂದ ಆಧಾರಕ್ಕೆ ಹರಿಯುವಂತೆ ಹಾಕತಕ್ಕದ್ದು ಎಂದು ಚಿತ್ರಸಹಿತ ಇತ್ತು. ಗಾದ್ರಪ್ಪ ಓದದೆಯೇ ಹೇಳಿದ್ದು ಅದೇ.

ಇವತ್ತು ಶನಿವಾರ, ಶಾಲೆ ಅರ್ಧ ದಿನ. ಮಧ್ಯಾಹ್ನ ಮೂರಕ್ಕೆ ಕಮಿಟಿ. ಅದಕ್ಕೆ ಮೊದಲು ಗಾದ್ರಪ್ಪನನ್ನು ಕಂಡು, ತಪ್ಪು ನನ್ನದು ಎಂದು ಹೇಳಿಬಿಡುತ್ತೇನೆ ಎಂದು ನಿರ್ಧರಿಸಿಕೊಂಡೇ ಅವಳು ಬಿಸಿಲಿಗೆ ಇಳಿದದ್ದು. ಹೇಳಬೇಕಾದ ವಾಕ್ಯವನ್ನು ದಾರಿಯಲ್ಲಿ ಕಟ್ಟಿಕೊಂಡಳು. 'ಗಾದ್ರಪ್ಪನವರೇ, ಸಂಭವಿಸಿದ ಪ್ರಮಾದಕ್ಕೆ' ಎಂದು ಶುರುವಾಗುತ್ತಿತ್ತು. ಪೇಟೆಯ ಬೀದಿ ದಾಟುವಷ್ಟರಲ್ಲಿ ಅದರೊಳಗೆ ಮೂರು 'ಆದಾಗ್ಯೂ' ಸೇರಿ ಯಾರ ಪ್ರಮಾದ ಎಂಬುದು ಗೊತ್ತಾಗದ ಹಾಗಾಗಿತ್ತು.

ಕೊಟ್ಟಿಗೆಯ ಮುಂದೆ ಗಾದ್ರಪ್ಪ ಒಂದು ತೊಟ್ಟಿಲನ್ನು ಉಜ್ಜುತ್ತ ಕೂತಿದ್ದ. ಹೊಸ ತೊಟ್ಟಿಲು, ನಾಲ್ಕು ಮೂಲೆಗೂ ಗಿಣಿ ಕೆತ್ತಿದ್ದು. ಉಜ್ಜುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

"ಬರ್ರಿ ಅಮ್ಮಾರೆ, ಕುಂತ್ಕಳಿ," ಎಂದವನು ತಕ್ಷಣ, "ಆ ಸ್ಟೂಲು ಗಟ್ಟಿ ಐತೆ, ಹೆದರ್ಬ್ಯಾಡಿ," ಎಂದು ಸೇರಿಸಿದ. ನಗಿಸಲು ಹೇಳಿದ್ದು, ಇಬ್ಬರೂ ನಗಲಿಲ್ಲ.

"ತೊಟ್ಟಿಲು ಚೆನ್ನಾಗಿದೆ."

"ಬೊಮ್ಮಯ್ಯನ ಮಗಳ ಬಾಣಂತನಕ್ಕೆ ಮಾಡಿದ್ದು. ತಗಂಡ್ ಹೋಗಿದ್ರು. ಮೊನ್ನೆ ತಂದು ಇಲ್ಲೇ ಇಟ್ಟು ಹೋದ್ರು." ಗಾದ್ರಪ್ಪ ಗಿಣಿಯ ಮೂಗನ್ನು ಒರೆಸಿದ. "ಮಗು ಬಿದ್ದೀತು ಅಂತ."

ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಪಾಲಮ್ಮ ಕೈ ಚಾಚಿ ತೊಟ್ಟಿಲನ್ನು ತೂಗಿ ನೋಡಿದಳು. ಅದು ಒಂದು ಚೂರೂ ಕಿರುಗುಟ್ಟಲಿಲ್ಲ. ಕಿರುಗುಟ್ಟಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಕಟ್ಟಿಕೊಂಡು ಬಂದಿದ್ದ ವಾಕ್ಯ ಎಲ್ಲಿ ಹೋಯಿತೋ. "ನಾನು ಕಮಿಟಿಯಲ್ಲಿ ಹೇಳ್ತೀನಿ," ಎಂದಳು. "ಅಡ್ಡ ಹಾಕಿ ಅಂದದ್ದು ನಾನು ಅಂತ."

ಗಾದ್ರಪ್ಪ ಚೇಳು ಕಂಡವನ ಹಾಗೆ ಎದ್ದು ನಿಂತ. "ಅಯ್ಯೋ, ಬ್ಯಾಡ್ರೀ ಅಮ್ಮಾರೆ! ನಿಮ್ ಕಾಲಿಗೆ ಬೀಳ್ತೀನಿ. ಬಡಗಿ ಮಾಡಿದ ಬೆಂಚು ಮುರೀತು ಅಂದ್ರೆ ಜನ ಒಂದು ವರ್ಷ ನಗ್ತಾರೆ. ಒಬ್ಬ ಹೆಣ್ಮಗಳು ಹೇಳಿದ್ಲು ಅಂತ ಮೂರು ತಲೆ ಬಡಗಿ ಎಳೆ ಅಡ್ಡ ಹಾಕ್ದ ಅಂದ್ರೆ ನನ್ ಮೊಮ್ಮಕ್ಕಳು ಮುದುಕರಾಗೋವರ್ಗೂ ನಗ್ತಾರೆ."

"ಮತ್ತೆ ಯಾಕೆ ಹಾಕಿದ್ರಿ?" ಎಂದು ಅವಳ ಬಾಯಿಂದ ಬಂದೇಬಿಟ್ಟಿತು.

"ನೀವು ಪುಸ್ತಕ ಅಂದ್ರಲ್ಲ." ಆತ ತಲೆ ಕೆರೆದುಕೊಂಡ. ನಂತರ, ಬೇರೆ ಮಾತಿಗೆ ತಿರುಗಿಸುವವನಂತೆ, ಉಳಿದಿದ್ದ ಎರಡು ತುಂಡು ಹಲಗೆ ತಂದ. ಎರಡೂ ಮೂರು ಪದರದವೇ, ಎರಡೂ ಒಂದೇ ಅಳತೆ. ಒಂದರ ಹೊರಪದರಗಳು ಉದ್ದಕ್ಕೆ, ಇನ್ನೊಂದರವು ಅಡ್ಡಕ್ಕೆ. ಎರಡು ಕಲ್ಲಿನ ಮೇಲೆ ಇಟ್ಟು ನಡುವೆ ಅಂಗೈ ಊರಿದ. ಮೊದಲನೆಯದು ಕದಲಲಿಲ್ಲ. ಎರಡನೆಯದು ದೊಡ್ಡವರ ಮುಂದೆ ಹಳ್ಳಿಯವನು ಬಗ್ಗುವ ಹಾಗೆ ಬಗ್ಗಿತು. "ನೋಡ್ರಿ, ಭಾರ ಬಿದ್ದಾಗ ಮೇಲಿನ ಪದರ ಒತ್ತಿಸ್ಕಂತೈತೆ, ಕೆಳಗಿಂದು ಎಳಿಸ್ಕಂತೈತೆ. ದುಡಿಯೋವು ಅವೆರಡೇ. ನಡುವಿಂದು ಸುಮ್ಕೆ ಕುಂತು ನೋಡ್ತೈತೆ. ನಾವು ಉದ್ದದ್ದನ್ನ ಆ ಸೋಮಾರಿ ಜಾಗಕ್ಕೆ ಹಾಕ್ಬುಟ್ವು."

ನಾವು ಎಂದ. ಆ 'ನಾವು' ಅವಳಿಗೆ ಚುಚ್ಚಿತು. ಮತ್ತೂ ನಾಚಿಕೆಯ ಸಂಗತಿ ಎಂದರೆ, ಅಲ್ಲಿಂದ ಹೊರಟು ಬೇವಿನ ಮರದ ನೆರಳು ಸೇರುವಷ್ಟರಲ್ಲಿ ಅವಳ ಎದೆ ಹಗುರವಾಗಿತ್ತು. ಹೇಳಬೇಡ ಎಂದು ಆತನೇ ಬೇಡಿಕೊಂಡ ಮೇಲೆ ಹೇಳುವುದು ಅನ್ಯಾಯವಲ್ಲವೇ? ಆತನ ಮಾತಿಗೆ ಬೆಲೆ ಕೊಡಬೇಡವೇ? ತನ್ನ ಬಾಯಿ ಮುಚ್ಚಿರುವುದಕ್ಕೆ ಇಷ್ಟು ಒಳ್ಳೆಯ ಕಾರಣ ಹಿಂದೆಂದೂ ಸಿಕ್ಕಿರಲಿಲ್ಲ. ಆ ಕಾರಣವನ್ನು ಹಬ್ಬದ ಸೀರೆಯ ಹಾಗೆ ಮಡಿಸಿ ಮಡಿಸಿ ನೋಡುತ್ತ ನಡೆದಳು. ಎಷ್ಟು ಮಡಿಸಿದರೂ ಒಂದು ಮೂಲೆಯಲ್ಲಿ ಖಾಲಿ ತೊಟ್ಟಿಲಿನ ಗಿಣಿ ಹೊರಗೆ ಇಣುಕುತ್ತಿತ್ತು.

ಶಾಲೆಯ ಪಡಸಾಲೆಯಲ್ಲಿ ಕಮಿಟಿ ಜಮಖಾನೆ ಹಾಸಿಕೊಂಡು ನೆಲದ ಮೇಲೆ ಕೂತಿತ್ತು. ಬೆಂಚು ಮೂಲೆಯಲ್ಲಿ ಎರಡು ತುಂಡಾಗಿ, ಪೊಲೀಸರು ಹಿಡಿದು ತಂದ ಆಸಾಮಿಯ ಹಾಗೆ ಗೋಡೆಗೆ ಒರಗಿತ್ತು. ಜಂಬುಲಿಂಗಪ್ಪನವರು ಲೋಡಿಗೆ ಒರಗಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಬರೆಯುವ ಕೆಲಸ ಅವಳದು. ದುಂಡು ಅಕ್ಷರ ಎಂದು ಎಲ್ಲರೂ ಹೊಗಳುತ್ತಿದ್ದರು. ಅವಳು ಕಂಬದ ಮರೆಗೆ, ಅರ್ಧ ಕಾಣುವ ಹಾಗೆ, ತನ್ನ ಮಾಮೂಲು ಜಾಗದಲ್ಲಿ ಕೂತು ಠರಾವಿನ ಪುಸ್ತಕ ತೆರೆದಳು.

"ನನಗೇನು ಆಗಿಲ್ಲ," ಎಂದರು ಜಂಬುಲಿಂಗಪ್ಪನವರು. "ಬಿದ್ದದ್ದು ನಾನಲ್ಲ. ಬಿದ್ದದ್ದು ಕಮಿಟಿಯ ಮರ್ಯಾದೆ."

"ಬಿದ್ದ ಮರ್ಯಾದೇನ ಎತ್ತೋಕೆ ನಾಕು ಜನ ಬೇಕಾಯ್ತು," ಎಂದರು ಚಿಕ್ಕೀರಪ್ಪನವರು, ಗಂಭೀರವಾಗಿಯೇ. ಅವರ ಮೊಣಕೈಗೆ ಇನ್ನೂ ಪಟ್ಟಿ ಕಟ್ಟಿತ್ತು.

"ನೀವು ಸುಮ್ನಿರಿ ಚಿಕ್ಕೀರಪ್ಪ. ನನ್ ಮೇಲೆ ಬಂದು ಒರಗಿದ್ದು ಯಾರು? ಒರಗದಿದ್ರೆ ಮುರೀತಿತ್ತಾ?"

"ನಾನೆಲ್ಲಿ ಒರಗಿದೆ ಸಾವ್ಕಾರ್ರೆ? ಜಾರಿದೆ. ನೀವಿದ್ದ ಕಡೆಗೇ ಇಳಿಜಾರು."

"ಬರ್ಕೊಳ್ಳಿ ಪಾಲಮ್ಮನೋರೆ," ಎಂದು ಅಧ್ಯಕ್ಷರು ಕಣ್ಣು ಮುಚ್ಚಿದರು. ಠರಾವು ಹೇಳುವಾಗ ಅವರು ಕಣ್ಣು ಮುಚ್ಚುತ್ತಿದ್ದರು. "ಸದರಿ ಊರಿನ ಬಡಗಿ ಗಾದ್ರಪ್ಪನು ಮರದ ಗುಣವನ್ನು ಅರಿಯದವನಾಗಿ, ಅಜಾಗರೂಕತೆಯಿಂದ ಬೆಂಚನ್ನು ನಿರ್ಮಿಸಿ, ತನ್ಮೂಲಕ ಸಭೆಗೆ ಅಪಾಯವನ್ನುಂಟುಮಾಡಿದ ಪ್ರಯುಕ್ತ, ಹನ್ನೆರಡು ಬೆಂಚುಗಳ ಕೆಲಸವನ್ನು ದಾವಣಗೆರೆಯಿಂದ ಬಡಗಿಯನ್ನು ಕರೆಸಿ ಮಾಡಿಸುವುದೆಂತಲೂ, ಇನ್ನು ಮುಂದೆ ಊರೊಟ್ಟಿನ ಯಾವ ಕೆಲಸವನ್ನೂ ಈತನಿಗೆ ಕೊಡತಕ್ಕದ್ದಲ್ಲವೆಂತಲೂ..." ಕಣ್ಣು ಬಿಟ್ಟರು. "ಇದನ್ನ ಚಾವಡಿ ಬಾಗಿಲಿಗೂ ಅಂಟಿಸೋಣ. ಜನಕ್ಕೆ ಗೊತ್ತಾಗ್ಲಿ. ಎಷ್ಟಾಯ್ತು?"

ಅವಳ ಕೈ 'ಮರದ ಗುಣವನ್ನು' ಎಂಬಲ್ಲಿ ನಿಂತಿತ್ತು. ದುಂಡಾದ, ಚೆಂದವಾದ ಅಕ್ಷರಗಳು. ಮುಂದಿನ ಪದ 'ಅರಿಯದವನಾಗಿ'. ಅರಿಯದವಳಾಗಿ ಎಂದು ಬರೆದುಬಿಟ್ಟರೆ? ಯಾರಾದರೂ ಓದುವ ಹೊತ್ತಿಗೆ ತಾನು ಮೊಳಕಾಲ್ಮುರಿನ ಗಾಡಿಯಲ್ಲಿರಬಹುದು. ಹೇಳಲಾರದ್ದನ್ನು ಬರೆದುಬಿಡುವುದು ಅವಳ ಹಳೆಯ ಚಾಳಿ. ಬರೆದದ್ದನ್ನು ಯಾರೂ ಓದದಂತೆ ಇಡುವುದು ಇನ್ನೂ ಹಳೆಯದು. ಲೇಖನಿಯ ಮೊನೆಯಿಂದ ಒಂದು ತೊಟ್ಟು ಶಾಯಿ ಇಳಿದು 'ಗುಣ'ದ ಮೇಲೆ ಕೂತಿತು. ಅವಳು ಅದನ್ನು ಒತ್ತುಕಾಗದದಿಂದ ಒತ್ತಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಆಸಾಮೀನ ಕರೀರಿ. ಒಂದು ಮಾತು ಕೇಳಿಬಿಡೋಣ, ಆಮೇಲೆ ಕೇಳಲಿಲ್ಲ ಅಂದಾರು," ಎಂದರು ಅಧ್ಯಕ್ಷರು.

ಗಾದ್ರಪ್ಪ ಹೊಸಿಲಿನ ಆಚೆ ನಿಂತ. ಒಗೆದ ಪಂಚೆ ಉಟ್ಟು ಬಂದಿದ್ದ. ಅವನ ಕಣ್ಣು ಮೊದಲು ಕಂಬದ ಮರೆಯ ಕಡೆ ಹೋಯಿತು, ಬೇಡ ಎನ್ನುವ ಹಾಗೆ ಒಂದಿಷ್ಟೇ ತಲೆಯಾಡಿಸಿದ, ಆಮೇಲೆ ಕಣ್ಣು ಮೂಲೆಯ ಬೆಂಚಿನ ಕಡೆ ಹೋಗಿ ಅಲ್ಲೇ ನಿಂತಿತು. ಮುರಿದ ಕಡೆ ನಡುವಿನ ಒಂದೇ ಪದರದ ಸಿಬಿರುಗಳು ಬಾಚಣಿಗೆಯ ಹಲ್ಲಿನಂತೆ ಹೊರಗೆ ಚಾಚಿದ್ದವು. ಹೊರಗಿನ ಎರಡು ಪದರ ಮಾತ್ರ ಗೆರೆ ಎಳೆದ ಹಾಗೆ ನೀಟಾಗಿ ಬಿಟ್ಟುಕೊಂಡಿದ್ದವು. ತಿಳಿದವರು ಯಾರಾದರೂ ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು. ಆದರೆ ಈ ಪಡಸಾಲೆಯಲ್ಲಿ ತಿಳಿದವನು ಒಬ್ಬನೇ, ಅವನು ಹೊಸಿಲಿನ ಆಚೆಗಿದ್ದ.

"ಏನಲೇ ಗಾದ್ರಪ್ಪ, ಏನ್ ಹೇಳ್ತೀಯ?"

"ಏನ್ ಹೇಳ್ಲಿ ಬುದ್ಧಿ. ನನ್ನಿಂದ ಆಗಿದ್ದು."

"ಅದು ಗೊತ್ತೈತೆ. ಹೆಂಗಾಯ್ತು ಅಂತ? ನಿಮ್ಮಪ್ಪ ನಮ್ಮ ಗಾಣ ಮಾಡ್ದೋನು, ಇವತ್ತಿಗೂ ಅಲುಗಾಡಿಲ್ಲ. ನಿಂಗೆ ಮರ ಗೊತ್ತೈತೋ ಇಲ್ವೋ?"

ಗಾದ್ರಪ್ಪ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ, ಅವು ಯಾರವೋ ಎನ್ನುವ ಹಾಗೆ ನೋಡಿಕೊಂಡ. ಹೊರಗೆ ಯಾರೋ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು.

"ಗೊತ್ತಿಲ್ಲ ಬುದ್ಧಿ," ಎಂದ.

ಪಾಲಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಎಷ್ಟು ಸಲೀಸಾಗಿ ಹೇಳಿದ. ಕೋಳಿಗೆ, ಕುರಿಗೆ, ಗ್ರಹಣಕ್ಕೆ, ಮರಕ್ಕೆ, ಇಷ್ಟು ದಿನ ಯಾವುದಕ್ಕೂ ತನ್ನ ಬಾಯಿಂದ ಬಾರದ ಮಾತು. ಅದನ್ನು, ಎಲ್ಲ ಗೊತ್ತಿದ್ದ ಒಬ್ಬ ಮನುಷ್ಯ ಅವಳ ಬದಲಿಗೆ ಹೇಳುತ್ತಿದ್ದ. ಅವಳಿಗಾಗಿಯೂ ಅಲ್ಲ, ತನ್ನ ಮೊಮ್ಮಕ್ಕಳಿಗಾಗಿ ಎಂದು ಆತ ಹೇಳಿಕೊಂಡಿದ್ದ. ಆದರೆ ಆ ಮೊಮ್ಮಕ್ಕಳು ಮರ ಗೊತ್ತಿಲ್ಲದ ಗಾದ್ರಪ್ಪನ ಮೊಮ್ಮಕ್ಕಳು ಎಂದು ಚಾವಡಿ ಬಾಗಿಲಿನಲ್ಲಿ ಅಂಟಿಕೊಂಡಿರುತ್ತಾರೆ, ಅವಳ ದುಂಡು ಅಕ್ಷರದಲ್ಲಿ. ಅವಳು ಎದ್ದು ನಿಂತದ್ದು ತನಗೇ ತಿಳಿಯಲಿಲ್ಲ. ಮಡಿಲಿನಿಂದ ಶಾಯಿಕುಡಿಕೆ ಉರುಳಿ ಜಮಖಾನೆಯ ಮೇಲೆ ಅಧ್ಯಕ್ಷರ ಕಡೆಗೆ ಹರಿಯತೊಡಗಿತು. ಅವರು ಪಾದ ಎತ್ತಿಕೊಂಡರು. ಏನೋ ಹೇಳಿದಳು. ಮಾಮೂಲಿನಂತೆ ಅದು ಯಾರಿಗೂ ಕೇಳಿಸಲಿಲ್ಲ.

"ಏನಂದ್ರಿ?" ಎಂದರು ಜಂಬುಲಿಂಗಪ್ಪನವರು, ಶಾಯಿಯ ಮೇಲೆ ಕಣ್ಣಿಟ್ಟು.

"ಅಮ್ಮಾರೆ, ಬ್ಯಾಡ್ರಿ," ಎಂದ ಹೊಸಿಲಿನಿಂದ ಗಾದ್ರಪ್ಪ.

"ನೀನು ಸುಮ್ನಿರಲೇ. ಏನಂದ್ರಿ ಪಾಲಮ್ಮನೋರೆ? ನಿಮ್ಮ ಮಾತು ಯಾವತ್ತೂ ಕೇಳ್ಸಲ್ಲ ನೋಡಿ. ಸ್ವಲ್ಪ ಜೋರಾಗಿ."

ನಾಲ್ಕು ತಲೆಗಳು ಮೇಲೆದ್ದಿದ್ದವು. ಕಂಬ ಪಕ್ಕದಲ್ಲೇ ಇತ್ತು, ಒಂದು ಹೆಜ್ಜೆ. ಅವಳು ಆ ಹೆಜ್ಜೆಯನ್ನು ಇನ್ನೊಂದು ಕಡೆಗೆ, ಜಮಖಾನೆಯ ನಡುವಿನತ್ತ ಇಟ್ಟಳು.

"ಉದ್ದಕ್ಕೆ ಹಾಕ್ತೀನಿ ಅಂತ ಅವರು ಹೇಳಿದ್ರು," ಎಂದಳು ಪಾಲಮ್ಮ. ದನಿ ತನ್ನದಲ್ಲ ಎನ್ನುವಷ್ಟು ದೊಡ್ಡದಾಗಿ ಹೊರಬಂದು ಪಡಸಾಲೆಯ ಗೋಡೆಗೆ ತಾಗಿತು. "ಅಡ್ಡ ಹಾಕಿಸಿದ್ದು ನಾನು. ಗಾದ್ರಪ್ಪನವರಿಗೆ ಮರ ಗೊತ್ತು. ನನಗೆ ಗೊತ್ತಿರಲಿಲ್ಲ."